ಕೆಂಪು ದಾರದ ಪಿಪೆಟ್ಟು

ನಮ್ಮ ಹೈಸ್ಕೂಲಿನ ಲ್ಯಾಬಿನ ಗೋಡೆಗೆ ಒಂದು ಕರಿ ಹಲಗೆ ಹೊಡೆದಿದ್ದರು. ಅದರ ಮೇಲೆ ಬಿಳಿ ಬಣ್ಣದಲ್ಲಿ ನಿಯಮಗಳು. ಆಸಿಡ್ಡಿಗೆ ನೀರು ಸುರಿಯಬಾರದು, ನೀರಿಗೇ ಆಸಿಡ್ ಸುರಿಯಬೇಕು. ಯಾವ ರಾಸಾಯನಿಕವನ್ನೂ ಬಾಯಿಗೆ ಹಾಕಬಾರದು. ಆ ಹಲಗೆಯ ಕೆಳಗೇ ನಿಂತು ನಾವು ಕಾಸ್ಟಿಕ್ ಸೋಡಾವನ್ನು ಬಾಯಿಂದ ಹೀರುತ್ತಿದ್ದೆವು. ಈಗ ನೆನೆಸಿಕೊಂಡರೆ ನಗು ಬರಬೇಕು. ನನಗೆ ಬರುವುದಿಲ್ಲ.

ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು, ಶಿಡ್ಲಘಟ್ಟದ್ದು. ನಮ್ಮ ತರಗತಿಯಲ್ಲಿ ವಿಜ್ಞಾನ ತೆಗೆದುಕೊಂಡ ಹುಡುಗಿಯರು ಇಬ್ಬರೇ, ನಾನು ಮತ್ತು ಅವಳು. ನಾನು ಜಂಗಮಕೋಟೆ ಕಡೆಯ ಒಕ್ಕಲು ಮನೆಯವಳು, ಪೇಟೆಯ ಅಜ್ಜಿ ಮನೆಯಲ್ಲಿದ್ದು ಓದುತ್ತಿದ್ದೆ. ಅವಳು ರೇಷ್ಮೆ ನೂಲು ಬಿಚ್ಚುವ ಸಾಬರ ಮನೆಯ ಹುಡುಗಿ. ನಮ್ಮಪ್ಪ ಬೆಳೆದ ರೇಷ್ಮೆಗೂಡು ಎಷ್ಟೋ ಸಲ ಅವರಪ್ಪನ ಬಾಣಲೆಗೇ ಬೀಳುತ್ತಿತ್ತು. ಕುದಿಯುವ ನೀರಿನಲ್ಲಿ ಬೆರಳಾಡಿಸಿ ಗೂಡಿನ ಎಳೆ ಹುಡುಕುವುದು ಅವರ ಮನೆಯ ಹೆಂಗಸರ ಕೆಲಸ. ಅವಳೂ ಸಣ್ಣವಳಿದ್ದಾಗಿನಿಂದ ಮಾಡಿದವಳು. ಹಾಗಾಗಿ ಲ್ಯಾಬಿನಲ್ಲಿ ಬಿಸಿ ಬೀಕರನ್ನು ಬರಿಗೈಯಲ್ಲೇ ಎತ್ತಿ ಆಚೆ ಇಡುತ್ತಿದ್ದಳು, ಮೇಷ್ಟ್ರು ಬೈಯುತ್ತಿದ್ದರು, ಅವಳು ಬೆರಳು ತೋರಿಸಿ ನಗುತ್ತಿದ್ದಳು.

ಅವರಪ್ಪ ಮಗಳಿಗೆ ಒಂದು ಮಾತು ಕೊಟ್ಟಿದ್ದರು. ಎಸ್ಸೆಸ್ಸೆಲ್ಸಿ ಪಾಸಾದರೆ ಚಿಕ್ಕಬಳ್ಳಾಪುರಕ್ಕೆ ಟೀಚರ್ ಟ್ರೈನಿಂಗಿಗೆ ಕಳಿಸುವುದು, ಫೇಲಾದರೆ ಬಾಣಲೆಯ ಮುಂದೆ ಕೂರಿಸುವುದು. ಒಂದೇ ಸಲ, ಎರಡನೇ ಸಲ ಪರೀಕ್ಷೆ ಕಟ್ಟಿಸುವುದಿಲ್ಲ. ಅವಳು ನನಗೆ ಹೇಳಿದ್ದು ಹೀಗೆ:

"ಬಾಣಲೆ ಮುಂದೆ ನಮ್ಮಮ್ಮ ಕೂತಿರೋದು ಸಾಕು ಕಣೇ. ನಾನು ಕುರ್ಚಿ ಮೇಲೆ ಕೂರ್ತೀನಿ."

ಥಿಯರಿಯಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಪ್ರಾಕ್ಟಿಕಲ್ಲಿನಲ್ಲೂ ಪಾಸಾಗಬೇಕಿತ್ತು, ಅದೂ ಅವಳಿಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆವು.

ಪಿಪೆಟ್ಟು ನೋಡದವರಿಗೆ ಹೇಳುತ್ತೇನೆ. ನಡುವೆ ಹೊಟ್ಟೆ ಉಬ್ಬಿದ ಉದ್ದನೆಯ ಗಾಜಿನ ಕೊಳವೆ ಅದು. ಕೆಳತುದಿಯನ್ನು ದ್ರಾವಣದಲ್ಲಿ ಅದ್ದಿ, ಮೇಲ್ತುದಿಗೆ ಬಾಯಿಟ್ಟು, ಗೆರೆಯವರೆಗೆ ಎಳೆದು, ತಟಕ್ಕನೆ ಬೆರಳಿನಿಂದ ಮುಚ್ಚಬೇಕು. ನಮ್ಮ ಶಾಲೆಗೆಲ್ಲ ಇದ್ದದ್ದು ಒಂದೇ. ಒಬ್ಬರಾದ ಮೇಲೆ ಒಬ್ಬರು ಅದಕ್ಕೇ ಬಾಯಿಡಬೇಕು. ಲೋಟವನ್ನು ತುಟಿಗೆ ಸೋಕಿಸದೆ ಎತ್ತಿ ಕುಡಿಯುವ ಮನೆಗಳಿಂದ ಬಂದ ಮಕ್ಕಳು ನಾವು. ಮೊದಲ ವಾರವೇ ಅವಳು ಹೀರಿ ಕೊಟ್ಟ ಪಿಪೆಟ್ಟನ್ನು ಪಕ್ಕದ ಹುಡುಗ ಮುಟ್ಟಲಿಲ್ಲ. ಎಂಜಲು ಅಂದ. ಹಾಗಂತ ಅವರವರಲ್ಲೇ ಎಲ್ಲ ಸರಿಯಿತ್ತೇ? ಒಬ್ಬನ ಎಂಜಲು ಇನ್ನೊಬ್ಬನಿಗೆ ಆಗದು. ಆದರೆ ಅವಳದು ಎಲ್ಲರಿಗೂ ಆಗದು.

ವಿಜ್ಞಾನದ ಮೇಷ್ಟ್ರು ಒಳ್ಳೆಯವರು. ಕೆಟ್ಟವರ ಮೇಲೆ ನನಗೆ ಅಷ್ಟು ಸಿಟ್ಟು ಬರುವುದಿಲ್ಲ, ಇಂಥ ಒಳ್ಳೆಯವರ ಮೇಲೇ ಬರುತ್ತದೆ. ಜಗಳ ಬೇಡ ಎಂದು ಅವರೊಂದು ಉಪಾಯ ಹುಡುಕಿದರು. ಶಾಲೆಯ ಹಿಂದೆ ಪರಂಗಿ ಮರಗಳಿದ್ದವು. ಪರಂಗಿ ಎಲೆಯ ದಂಟು ಒಳಗೆ ಟೊಳ್ಳು. ಒಬ್ಬೊಬ್ಬರೂ ತಮ್ಮದೇ ಒಂದು ಗೇಣು ದಂಟು ಕತ್ತರಿಸಿ ಒಣಗಿಸಿಟ್ಟುಕೊಂಡು, ಅದನ್ನು ಪಿಪೆಟ್ಟಿನ ಮೇಲ್ತುದಿಗೆ ಸಿಕ್ಕಿಸಿ, ದಂಟಿಗೆ ಬಾಯಿಟ್ಟು ಎಳೆಯುವುದು. ಗಾಜಿಗೆ ಯಾರ ತುಟಿಯೂ ತಾಗುವುದಿಲ್ಲ. ಜಾತಿಯೂ ಉಳಿಯಿತು, ರಸಾಯನಶಾಸ್ತ್ರವೂ ಉಳಿಯಿತು. ಮೇಷ್ಟ್ರಿಗೆ ಇದರ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು.

ತೊಂದರೆ ಏನೆಂದರೆ, ದಂಟು ಕಿತ್ತು ಬೆರಳು ಇಡುವಷ್ಟರಲ್ಲಿ ದ್ರಾವಣ ಸರ್ರನೆ ಗೆರೆಯಿಂದ ಕೆಳಗಿಳಿಯುತ್ತಿತ್ತು. ಅದಕ್ಕೆ ನಾವು ಗೆರೆ ದಾಟಿಸಿ ಮೇಲೆ ಮೇಲಕ್ಕೆ, ದಂಟಿನ ಬುಡದವರೆಗೂ ಎಳೆಯಲು ಕಲಿತೆವು. ಗಾಜಿನೊಳಗೆ ಏರುವುದು ಕಾಣುತ್ತದೆ, ದಂಟಿನೊಳಗೆ ಕಾಣುವುದಿಲ್ಲ. ಅಷ್ಟಾದರೂ ಅವಳ ಸರದಿ ಕೊನೆಗೇ. ದಂಟಿದ್ದರೂ ಕೊನೆಗೇ. ಯಾರೂ ಹಾಗೆಂದು ಬಾಯಿಬಿಟ್ಟು ಹೇಳಿರಲಿಲ್ಲ, ಹಾಗೆ ನಡೆದುಬಂದುಬಿಟ್ಟಿತ್ತು.

ಒಂದು ದಿನ ಕಾಸ್ಟಿಕ್ ಸೋಡಾವನ್ನು ಅವಸರದಲ್ಲಿ ಕರಗಿಸಿದ್ದರು. ಸರಿಯಾಗಿ ಕಲಕದಿದ್ದರೆ ಪಾನಕದಲ್ಲಿ ಬೆಲ್ಲ ತಳದಲ್ಲೇ ಕೂರುತ್ತದಲ್ಲ, ಇದೂ ಹಾಗೆಯೇ. ಮೇಲಿನ ತೆಳ್ಳನೆಯ ನೀರನ್ನು ನಾವೆಲ್ಲ ಹೀರಿ ಮುಗಿಸಿದೆವು. ತಳದ ಗಟ್ಟಿ ಅವಳಿಗೆ ಉಳಿಯಿತು. ಅದೂ ಎಷ್ಟು, ಬೀಕರಿನಲ್ಲಿ ಎರಡು ಬೆರಳು. ಅವಳು ದಂಟು ಸಿಕ್ಕಿಸಿ ಜೋರಾಗಿ ಎಳೆದಳು. ದ್ರಾವಣ ತಗ್ಗಿ ಪಿಪೆಟ್ಟಿನ ಕೆಳತುದಿ ಬಯಲಾಯಿತು, ಗಾಳಿ ನುಗ್ಗಿತು, ಒಳಗಿದ್ದದ್ದೆಲ್ಲ ಒಮ್ಮೆಲೇ ಮೇಲೆ ಹಾರಿತು.

ಅವಳು ಕಿರುಚಲಿಲ್ಲ. ಕಿರುಚಲು ಬಾಯಿ ಎಲ್ಲಿತ್ತು? ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡು ನೆಲಕ್ಕೆ ಕೂತಳು. ನೀರು ನೀರು ಎಂದು ಮೇಷ್ಟ್ರು ಕೂಗಿದರು. ಮೂಲೆಯಲ್ಲಿ ಮಡಕೆ ತುಂಬ ನೀರಿತ್ತು, ಮೇಲೆ ಲೋಟವಿತ್ತು. ಅಲ್ಲಿದ್ದ ಹುಡುಗ ಲೋಟ ಎತ್ತಿಕೊಂಡು, ಅವಳ ಮುಖ ನೋಡಿ, ನಿಂತ. ಕೊಡಬಾರದು ಅಂತಲ್ಲ, ಅವಳಿಗೆ ಯಾವ ಲೋಟ ಎಂದು ಯೋಚಿಸುತ್ತ ನಿಂತ. ನಾನು ಅವನನ್ನು ತಳ್ಳಿ ಮಡಕೆಯನ್ನೇ ಎತ್ತಿ ತಂದು ಅವಳ ಬಾಯಿಗೆ ಬಗ್ಗಿಸಿದೆ. ಅರ್ಧ ನೀರು ಅವಳ ಮೇಲೆ, ಅರ್ಧ ನನ್ನ ಮೇಲೆ. ಅವಳ ತುಟಿ ಆಗಲೇ ಬೆಳ್ಳಗಾಗಿತ್ತು, ನಾಲಿಗೆಯ ಚರ್ಮ ಬೇಯಿಸಿದ ಗೂಡಿನಂತೆ ಸುಲಿದುಬರುತ್ತಿತ್ತು. ಜಟಕಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು.

ಮುಂದಿನ ಕ್ಲಾಸಿನಲ್ಲಿ ಮೇಷ್ಟ್ರು, ಎಲ್ಲರಿಗೂ ಬುದ್ಧಿ ಬರಲಿ ಎಂದು, ನಡೆದದ್ದನ್ನು ಪ್ರಯೋಗದ ವರದಿಯ ರೀತಿಯಲ್ಲೇ ಬರೆಯಲು ಹೇಳಿದರು. ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ, ಕಡೆಗೆ ಮುನ್ನೆಚ್ಚರಿಕೆ. ವಿಜ್ಞಾನದ ವರದಿಯಲ್ಲಿ ನಾನು, ಅವನು, ಅವಳು ಬರಬಾರದು ಎಂದು ಅವರು ಮೊದಲಿನಿಂದಲೂ ಕಲಿಸಿದ್ದರು. ಹಾಗಾಗಿ ಎಲ್ಲರೂ ಹಾಗೇ ಬರೆದರು. ದ್ರಾವಣವನ್ನು ಹೀರಲಾಯಿತು, ಗಾಳಿ ಪ್ರವೇಶಿಸಿತು, ಗಾಯ ಉಂಟಾಯಿತು. ಯಾರು ಹೀರಿದರು, ಯಾಕೆ ಕೊನೆಗೆ ಹೀರಿದರು, ಕೇಳಬೇಡಿ. ಮುನ್ನೆಚ್ಚರಿಕೆ ಎಂಬುದು ನಮ್ಮ ವರದಿಗಳಲ್ಲಿ ಯಾವಾಗಲೂ ತುದಿಗೇ ಬರುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ನಾನು ಕಾರಣ ಎಂದು ಇನ್ನೊಂದು ತಲೆಬರಹ ಹಾಕಿ, ಎಂಜಲು ಎಂದು ಬರೆದೆ. ಮೇಷ್ಟ್ರು ಅದರ ಮೇಲೆ ಕೆಂಪು ಮಸಿಯಲ್ಲಿ ಗೀಟು ಎಳೆದರು. ಸಿಟ್ಟು ಮಾಡಿಕೊಳ್ಳಲಿಲ್ಲ, ಮೆಲ್ಲಗೇ ಹೇಳಿದರು:

"ಇದೆಲ್ಲ ಸೈನ್ಸಲ್ಲಿ ಬರಲ್ಲಮ್ಮ."

ನನಗೆ ನಾಲಿಗೆ ಉದ್ದ ಎಂದು ಅಜ್ಜಿ ದಿನಾ ಬೈಯುತ್ತಿದ್ದಳು. ಆ ಹೊತ್ತಿಗೆ ಮಾತ್ರ ಅಳು ಬಂದುಬಿಟ್ಟಿತು.

ಅವಳು ಬೆಂಗಳೂರಿನಿಂದ ವಾಪಸು ಬಂದಾಗ ಪರೀಕ್ಷೆಗೆ ಸ್ವಲ್ಪವೇ ದಿನವಿತ್ತು. ನೋಡಲು ಹೋದೆ. ಗಂಟಲು ಒಳಗೆ ಗಾಯ ಕಟ್ಟಿ ಕಿರಿದಾಗಿತ್ತು. ತಿಳಿ ಗಂಜಿಯೊಂದೇ ಇಳಿಯುತ್ತಿತ್ತು, ಅದೂ ಚಮಚ ಚಮಚ. ತುಟಿ ಒಂದು ಕಡೆಗೆ ಎಳೆದುಕೊಂಡಿತ್ತು. ಮಾತು ಪಿಸುಗುಟ್ಟಿದ ಹಾಗೆ. ಅವರಮ್ಮ ಬಾಣಲೆಯ ಮುಂದಿನಿಂದ ಏಳದೆಯೇ, ನೀನಾದರೂ ಪರೀಕ್ಷೆ ಬೇಡ ಅಂತ ಹೇಳು ಎಂದು ನನಗೆ ಹೇಳಿದರು. ಅವಳು ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬರ್ತೀನಿ ಕಣೇ ಅಂದಳು.

ಬಂದಳು. ಪ್ರಾಕ್ಟಿಕಲ್ಲಿಗೆ ಚಿಕ್ಕಬಳ್ಳಾಪುರದಿಂದ ಪರೀಕ್ಷಕರು ಬಂದಿದ್ದರು, ಬಸ್ಸಿನ ಗಡಿಬಿಡಿಯಲ್ಲಿದ್ದ ಮನುಷ್ಯ. ಶಾಲೆ ಆ ಗಾಯದಿಂದ ಒಂದು ಪಾಠ ಕಲಿತಿತ್ತು. ಪರಂಗಿ ದಂಟು ನಿಷೇಧ. ಅದರ ಬದಲಿಗೆ ಇನ್ನೊಂದು ಪಿಪೆಟ್ಟು ತರಿಸಿದ್ದರು, ಹೊಸದು, ಫಳಫಳ ಹೊಳೆಯುವುದು. ಗುರುತಿಗೆ ಅದರ ಕತ್ತಿಗೆ ಕೆಂಪು ದಾರ ಕಟ್ಟಿದ್ದರು. ನಮಗೆಲ್ಲ ಹಳೆಯದು, ತೊಳೆದು ತೊಳೆದು. ಅವಳ ಟೇಬಲ್ಲಿನ ಮೇಲೆ ಹೊಸದು.

ಅವಳು ದಾರವನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ನನ್ನ ಕಡೆ ತಿರುಗಿದಳು.

"ಇದು ನನಗೊಬ್ಬಳಿಗಾ?"

ಅವಳು ಅದನ್ನು ಬಾಯಿಗಿಟ್ಟುಕೊಂಡಳು. ಎಳೆದುಕೊಂಡ ತುಟಿ ಗಾಜಿನ ಸುತ್ತ ಮುಚ್ಚುತ್ತಲೇ ಇರಲಿಲ್ಲ. ದ್ರಾವಣ ಒಂದಿಷ್ಟು ಏರುವುದು, ಸುಯ್ಯೆಂದು ಗಾಳಿ ಸೇರಿ ಇಳಿದುಬಿಡುವುದು. ಮತ್ತೆ ಎಳೆದಳು. ಮತ್ತೆ ಇಳಿಯಿತು. ಕಣ್ಣಲ್ಲಿ ನೀರು ತುಂಬಿಕೊಂಡರೂ ಗೆರೆಯ ಮೇಲಿನ ದೃಷ್ಟಿ ಕದಲಿಸಲಿಲ್ಲ. ನಾನು ಎಳೆದು ಕೊಡ್ತೀನಿ ಸಾರ್ ಎಂದು ಪರೀಕ್ಷಕರನ್ನು ಕೇಳಿದೆ. ಇನ್ನೊಬ್ಬರು ಮಾಡಿದರೆ ಅದು ಕಾಪಿ ಆಗುತ್ತದೆ, ನಿಯಮ ನಿಯಮವೇ ಅಂದರು. ನಮ್ಮ ಮೇಷ್ಟ್ರು ಕಿಟಕಿಯ ಆಚೆ ನೋಡುತ್ತ ನಿಂತಿದ್ದರು.

ಎಲ್ಲರೂ ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಅವಳು ಪ್ರಯತ್ನಿಸಿದಳು. ಆಮೇಲೆ ಪಿಪೆಟ್ಟನ್ನು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆದಳು. ಬಾಯಿಟ್ಟ ತುದಿಯನ್ನು ಎರಡು ಸಲ ತೊಳೆದಳು. ಒರೆಸಿ, ಇದ್ದ ಜಾಗದಲ್ಲೇ ಇಟ್ಟು, ಮೇಷ್ಟ್ರಿಗೆ ಸಲಾಂ ಮಾಡಿ ಹೊರಟುಹೋದಳು. ಫಲಿತಾಂಶ ಬಂದಾಗ ಥಿಯರಿಯಲ್ಲಿ ನನಗಿಂತ ಹೆಚ್ಚು ಬಂದಿತ್ತು. ಪ್ರಾಕ್ಟಿಕಲ್ಲಿನಲ್ಲಿ ಫೇಲು. ಅವರಪ್ಪ ಆಡಿದ ಮಾತಿಗೆ ತಪ್ಪುವವರಲ್ಲ, ಹೇಳಿದ ಹಾಗೇ ಮಾಡಿದರು.

ಅವಳಿಗೆ ಬೇಕಾಗಿದ್ದ ದಾರಿಯಲ್ಲಿ ಹೋದವಳು ನಾನು. ಓದು ಮುಗಿಸಿ, ಆ ದಶಕದ ಕೊನೆಗೆ ಅದೇ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದೆ. ಹಳೇ ಮೇಷ್ಟ್ರು ಆ ಹೊತ್ತಿಗೆ ನಿವೃತ್ತರಾಗಿದ್ದರು. ಹಲಗೆ ಹಾಗೇ ಇತ್ತು. ಪಿಪೆಟ್ಟುಗಳು ಈಗ ಬೇಕಾದಷ್ಟಿದ್ದವು. ಮೊದಲ ಪ್ರಾಕ್ಟಿಕಲ್ ದಿನ ಬೀರು ತೆರೆದೆ. ಒಂದು ಮೂಲೆಯಲ್ಲಿ, ಉಳಿದವುಗಳಿಂದ ದೂರ, ಅದು ಮಲಗಿತ್ತು. ದಾರದ ಕೆಂಪು ಮಾಸಿತ್ತು. ಕೈ ಚಾಚಿದೆ. ಮುಂದೆ ನಿಂತಿದ್ದ ಹುಡುಗಿ, ಒಳ್ಳೆಯ ಹುಡುಗಿ, ತಡೆದಳು.

"ಅದು ಬೇಡ ಟೀಚರ್. ಅದನ್ನ ಯಾರೂ ಬಾಯಿಗಿಡಲ್ಲ."

ಯಾಕೆ ಎಂದು ಕೇಳಿದೆ. ಆ ಹುಡುಗಿಗೆ ಗೊತ್ತಿರಲಿಲ್ಲ. ಹಿಂದೆ ನಿಂತವರನ್ನು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ, ಮೊದಲಿಂದ ಹಾಗೇ ಅಂದರು.

ನಾನು ಕುರ್ಚಿಯ ಮೇಲೆ ಕೂತೆ. ಆ ಹೊತ್ತಿನಲ್ಲಿ ಎರಡು ಬೀದಿ ಆಚೆ ಅವಳು ಬಾಣಲೆಯ ಮುಂದೆ ಕೂತಿರುತ್ತಾಳೆ, ಅದು ನನಗೆ ಗೊತ್ತಿತ್ತು.