ಅಣ್ಣಾಜಿಯವರ ಕಾರಿನ ವೈರಿಂಗ್

ಹಾವೇರಿಯ ಅಣ್ಣಾಜಿ ಅಂಚೆ ಕಚೇರಿಯಿಂದ ನಿವೃತ್ತರಾದವರು. ಅವರ ಕಾರಿಗೆ ಇಪ್ಪತ್ತೆರಡು ವರ್ಷ. ಅದು ನಡುರಸ್ತೆಯಲ್ಲಿ ನಿಂತುಹೋಗುವ ತನಕ ಅವರು ಗ್ಯಾರೇಜಿನ ಕಡೆ ಮುಖ ಹಾಕುತ್ತಿರಲಿಲ್ಲ. ಒಮ್ಮೆ ಪಂಕ್ಚರ್ ಹಾಕಿಸಲು ಹೋದಾಗ ಮೆಕ್ಯಾನಿಕ್ ಇಮಾಮಸಾಬ್ ಬಾನೆಟ್ ಎತ್ತಿ ನೋಡಿದ.

“ಸರ್, ವೈರಿಂಗ್ ಎಲ್ಲಾ ಹಳೇದಾಗೇತ್ರಿ. ಕೆಡೂಕಿಂತ ಮೊದ್ಲ ಬದಲಿ ಮಾಡೂಣ್ರಿ.”

“ಕೆಡಲಾರದ ಗಾಡಿ ಯಾಕ ರಿಪೇರಿ ಮಾಡಸ್ಬೇಕೋ? ನೀ ಆರಾಮ ಇದ್ದೀ, ನಿನಗ ಸಲೈನ್ ಹಚ್ಚಸ್ಲೇನು?” ಎಂದು ಅಣ್ಣಾಜಿ ಹೊರಟುಬಿಟ್ಟರು.

ಮರುವಾರ ಹೆಂಡತಿ ಜಾನಕೀಬಾಯಿಯೊಂದಿಗೆ ಕದರಮಂಡಲಗಿ ಆಂಜನೇಯನ ದರ್ಶನಕ್ಕೆ ಹೋಗುವಾಗ, ಬ್ಯಾಡಗಿಯಲ್ಲಿ ಹಾರ್ನ್ ತಾನಾಗಿಯೇ ಕೂಗತೊಡಗಿತು. ಏನು ಮಾಡಿದರೂ ನಿಲ್ಲಲಿಲ್ಲ. ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರುಗಳು ಬದಿಗೆ ಸರಿದವು. ಬಸ್ಸೊಂದು ನಿಂತು ದಾರಿ ಬಿಟ್ಟಿತು. ಯಾರೋ ದೊಡ್ಡವರು ಬಂದರೆಂದು ಪೊಲೀಸನೊಬ್ಬ ಸೆಲ್ಯೂಟ್ ಹೊಡೆದ. ಅಣ್ಣಾಜಿ ನಾಚಿಕೆಯಿಂದ ಸ್ಟಿಯರಿಂಗ್ ಹಿಂದೆ ಕುಗ್ಗಿದರು. ಜಾನಕೀಬಾಯಿ ಮಾತ್ರ ಕಿಟಕಿಯಿಂದ ಎಲ್ಲರಿಗೂ ಕೈ ಮುಗಿಯುತ್ತ ಹೋದರು.

ಗುಡಿಯ ಮುಂದೆ ಕಾಯಿ ಮಾರುವವನೊಬ್ಬ ಬ್ಯಾಟರಿ ವೈರು ಕಿತ್ತು ಹಾರ್ನಿನ ಬಾಯಿ ಮುಚ್ಚಿಸಿದ. ಅಣ್ಣಾಜಿ ಅಲ್ಲಿಂದಲೇ ಇಮಾಮಸಾಬನಿಗೆ ಫೋನ್ ಹಚ್ಚಿದರು.

“ಲಗೂನ ಬಾರಪಾ. ಇದ್ದಬದ್ದ ವೈರೆಲ್ಲಾ ಬದಲಿ ಮಾಡು.”

ಜಾನಕೀಬಾಯಿ ಫೋನ್ ಕಸಿದುಕೊಂಡರು. “ಹಾರ್ನಿಂದೊಂದು ಹಂಗ ಬಿಡಪಾ ತಮ್ಮಾ. ಗುರುವಾರ ರಾಣೇಬೆನ್ನೂರಾಗ ನಮ್ಮ ತವರುಮನಿಯವ್ರ ಮದುವಿ ಅದ.”