ಬಸ್ಸು ಹತ್ತಿಸಿ ಬರುವುದು

ನಮ್ಮ ಮಾವನವರು ಕೊನೆಗಾಲದಲ್ಲಿ ಮೊಮ್ಮಗಳಿಗೆ ಕಲಿಸಲೇಬೇಕೆಂದು ಹಟ ಹಿಡಿದದ್ದು ಒಂದೇ ಪಾಠ: ಮನೆಗೆ ಬಂದವರನ್ನು ಬಸ್ಸು ಹತ್ತಿಸಿ ಬರಬೇಕು. ಗೇಟಿನಲ್ಲಿ ಕೈ ಬೀಸಿದರೆ ಸಾಲದು. ಸ್ಟಾಪಿನವರೆಗೆ ಜೊತೆಗೆ ನಡೆಯಬೇಕು, ಬಸ್ಸು ಬರುವ ತನಕ ನಿಲ್ಲಬೇಕು, ಬಂದವರಿಗೆ ಸೀಟು ಸಿಕ್ಕಿತೋ ಇಲ್ಲವೋ ಎಂದು ಕಿಟಕಿಯಲ್ಲಿ ನೋಡಿ ಹಿಂತಿರುಗಬೇಕು. ಅವರು ನಿವೃತ್ತ ಮೇಷ್ಟ್ರು. ಜಯನಗರದ ಈ ಮನೆ ಕಟ್ಟಿಸಿದಾಗ ಎದುರಿಗೆ ಬರೀ ಖಾಲಿ ಸೈಟುಗಳು. ಆಗಿನಿಂದಲೂ ಯಾರನ್ನೂ ಒಂಟಿಯಾಗಿ ಕಳಿಸಿದವರಲ್ಲವಂತೆ.

ಆ ನಿಯಮ ನನಗೆ ಮಾತ್ರ ಅನ್ವಯಿಸುತ್ತಿರಲಿಲ್ಲ. ಸೊಸೆಯ ಪಾಲಿಗೆ ಗೇಟೇ ಗಡಿ. ಎಂ.ಎ. ಮಾಡಿದ್ದೆ, ದಿನವೂ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗಿ ಬರುತ್ತಿದ್ದೆ. ಆದರೂ ಅತಿಥಿಯ ಜೊತೆ ಸ್ಟಾಪಿಗೆ ನಡೆಯುವುದು ಮಾವನವರ ಕೆಲಸ, ಅವರಿಲ್ಲದಿದ್ದರೆ ನನ್ನ ಗಂಡನದು. ಗಂಡನಿಗೆ ಬೇರೆ ಊರಿಗೆ ವರ್ಗವಾಗಿ, ಮಾವನವರ ಮಂಡಿ ಕೈಕೊಟ್ಟ ಮೇಲೆ ಆ ಕೆಲಸ ನನ್ನನ್ನು ದಾಟಿ ನೇರವಾಗಿ ನನ್ನ ಮಗಳ ತಲೆಗೆ ಬಿತ್ತು. ಆಗ ಅವಳು ಪಿಯುಸಿ.

ಒಂದು ಭಾನುವಾರ ಹನುಮಂತನಗರದಿಂದ ಮಾವನವರ ಹಳೆಯ ಸ್ನೇಹಿತರು ಬಂದಿದ್ದರು. ಅವರೂ ಮೇಷ್ಟ್ರಾಗಿದ್ದವರೇ. ತಿಂಗಳಿಗೆರಡು ಸಲ ಬರುತ್ತಿದ್ದರು. ಉಪ್ಪಿಟ್ಟು, ಕಾಫಿ ಆಯಿತು. ‘ಬರ್ತೀನಪ್ಪ’ ಎಂದು ಎದ್ದು ಬಾಗಿಲ ಬಳಿ ಕಾಲು ಗಂಟೆ ನಿಂತರು. ಮಾವನವರು ಮೊಮ್ಮಗಳನ್ನು ಕೂಗಿದರು. ಮಾರನೆಯ ದಿನ ಅವಳಿಗೆ ಕೆಮಿಸ್ಟ್ರಿ ಪರೀಕ್ಷೆ. ಮುಖ ಗಂಟಿಕ್ಕಿಕೊಂಡೇ ಚಪ್ಪಲಿ ಮೆಟ್ಟಿ ಹೋದಳು, ಹತ್ತು ನಿಮಿಷಕ್ಕೆ ವಾಪಸಾದಳು.

ಮಾವನವರು ಗಡಿಯಾರ ನೋಡಿದರು. ಭಾನುವಾರ ಆ ಕಡೆಗೆ ಅರ್ಧ ಗಂಟೆಗೊಂದು ಬಸ್ಸು.

“ಬಸ್ಸು ಸಿಕ್ತೇನೇ?”

“ಗೊತ್ತಿಲ್ಲ ತಾತ. ರಸ್ತೆ ಮೂಲೇಲಿ ಅವರೇ ‘ನೀನು ಹೋಗಮ್ಮ, ಓದ್ಕೋ’ ಅಂದ್ರು. ಬಂದ್ಬಿಟ್ಟೆ.”

“ಅನ್ನದೆ ಇರ್ತಾರಾ? ಬಂದವರು ಮೂರು ಸಲ ಹೋಗು ಅಂತಾರೆ. ನಾವು ಮೂರು ಸಲ ಪರವಾಗಿಲ್ಲ ಅನ್ಬೇಕು. ಅಷ್ಟೂ ಗೊತ್ತಾಗಲ್ವಾ?”

“ಸುಳ್ಳು ಹೇಳ್ಬಾರ್ದು ಅಂತ ಹೇಳ್ಕೊಟ್ಟಿದ್ದು ನೀವೇ ಅಲ್ವಾ ತಾತ? ಅವರು ಹೇಳಿದ್ದು ನಿಜ ಅಂದ್ಕೊಂಡೆ.”

“ವಾದ ಮಾಡು. ಕಾಲೇಜಲ್ಲಿ ಅದೊಂದನ್ನ ಚೆನ್ನಾಗಿ ಕಲಿಸ್ತಿದಾರೆ.”

ನಾನು ಮಗಳ ಪರ ನಿಂತು ಮಾವನವರಿಗೆ ಎದುರು ಮಾತಾಡಿದೆ ಎಂದೇ ಬಹಳ ಕಾಲ ನಂಬಿದ್ದೆ. ನೆನಪಿನಲ್ಲಿ ನನ್ನ ಮಾತುಗಳೂ ಸ್ಪಷ್ಟವಾಗಿವೆ, ತಕ್ಕಮಟ್ಟಿಗೆ ಚೆನ್ನಾಗಿಯೂ ಇವೆ. ಆದರೆ ನನ್ನ ಆ ದಿನದ ಡೈರಿಯಲ್ಲಿರುವುದು ಎರಡೇ ಸಾಲು: ‘ತಾತನಿಗೂ ಮೊಮ್ಮಗಳಿಗೂ ಜಗಳ. ಮೂಲೆವರೆಗೆ ಹೋಗಿ ಬಂದರೆ ಸಾಕು ಅಂತ ಅವಳಿಗೆ ಗೇಟಲ್ಲಿ ಹೇಳಿದ್ದು ನಾನೇ, ಬಾಯಿ ಬಿಡಲಿಲ್ಲ.’ ಮಗಳೂ ನನ್ನ ಹೆಸರೆತ್ತಲಿಲ್ಲ. ಈ ಮರ್ಯಾದೆಯನ್ನು ಅವಳಿಗೆ ಯಾರು ಕಲಿಸಿದರೋ, ನಾನಂತೂ ಅಲ್ಲ.

ಆಮೇಲೆ ಆರು ವಾರ ಆ ಸ್ನೇಹಿತರು ಬರಲಿಲ್ಲ. ಅವಮಾನವಾಗಿದೆ, ಇನ್ನು ಅವನು ಈ ಹೊಸಿಲು ತುಳಿಯುವುದಿಲ್ಲ ಎಂದು ಮಾವನವರು ತೀರ್ಮಾನಿಸಿಬಿಟ್ಟರು. ಮೊಮ್ಮಗಳ ಜೊತೆ ಮಾತು ನಿಂತಿತು. “ಅವಳಿಗೆ ಹೇಳು, ಫ್ಯಾನ್ ಆರಿಸಲಿ” ಎಂದು ಅವಳ ಎದುರಿಗೇ ನನಗೆ ಹೇಳುವರು. “ಅವರಿಗೆ ಹೇಳಮ್ಮ, ಆರಿಸಿದೀನಿ” ಎನ್ನುವಳು ಅವಳು. ಮೂರು ಕೋಣೆಯ ಮನೆಯಲ್ಲಿ ನಾನೊಬ್ಬಳು ಅಂಚೆಯವಳು. ಕೆಲಸ ಮುಗಿಸಿ ಬಂದು ಚೀಲ ಇಳಿಸುವ ಮೊದಲೇ ಎರಡೂ ಕಡೆಯ ದೂರು. ಸಂಜೆಯ ಕಾಫಿಗೆ ಕೂತರೆ ಅತಿಥಿ ಸತ್ಕಾರದ ಮೇಲೆ ಉಪನ್ಯಾಸ; ಕೇಳಬೇಕಾದವಳು ಒಳಗೆ, ಕೇಳುವವಳು ನಾನು. ನನ್ನ ಸಿಟ್ಟು ಯಾರ ಮೇಲೆ ಎಂದು ಈಗಲೂ ಸರಿಯಾಗಿ ಹೇಳಲಾರೆ.

ಏಳನೆಯ ವಾರ ಆ ಸ್ನೇಹಿತರು ಕಪ್ಪು ಕನ್ನಡಕ ಹಾಕಿಕೊಂಡು ನಗುತ್ತಾ ಬಂದರು. ಕಣ್ಣಿನ ಪೊರೆ ತೆಗೆಸಿದ್ದರಂತೆ, ಅಷ್ಟೇ. ಅವಮಾನದ ಮಾತೆತ್ತಿದ ಮಾವನವರನ್ನೇ ಗದರಿದರು.

“ಅವಮಾನವಾ? ಯಾವುದಕ್ಕೋ? ಆ ಮಗು ಹೋಗಿ ಓದಲಿ ಅಂತ ನಾನೇ ಕಳಿಸ್ದೆ. ನೀನೊಬ್ಬ!”

ಮಾವನವರು ನಗಲಿಲ್ಲ. ತಪ್ಪು ತಿಳಿದೆ ಎಂದು ಮೊಮ್ಮಗಳಿಗೆ ಹೇಳುವ ಮನುಷ್ಯರೂ ಅಲ್ಲ. ಸ್ನೇಹಿತರು ಹೊರಡುವ ಹೊತ್ತಿಗೆ ಮಗಳು ಸ್ಪೆಷಲ್ ಕ್ಲಾಸಿಗೆ ಹೋಗಿದ್ದಳು. ನಾನೇ ಹೋಗುತ್ತೇನೆ ಎಂದೆ.

“ನೀನಾ? ಗೇಟಿನವರೆಗೆ ಹೋಗಮ್ಮ, ಸಾಕು.”

“ಅವರಿಗಿನ್ನೂ ಕಣ್ಣು ಸರಿಯಾಗಿಲ್ಲ ಮಾವ” ಎಂದು ಉತ್ತರಕ್ಕೆ ಕಾಯದೆ ನಡೆದೆ.

ದಾರಿಯಲ್ಲಿ ಅವರು ಮೂರು ಸಲ ‘ಹೋಗಮ್ಮ’ ಅಂದರು, ನಾನು ಮೂರು ಸಲ ‘ಪರವಾಗಿಲ್ಲ’ ಅಂದೆ. ಸ್ಟಾಪಿನಲ್ಲಿ ಹೊಂಗೆಮರದ ಕೆಳಗೆ ನಿಂತಾಗ ಅವರೇ ಮಾತು ತೆಗೆದರು.

“ಆ ಮಗೂನ ಬೈಬೇಡಿ. ನಿಮ್ಮ ಮಾವನಿಗೆ ನಾನು ಒಂಟಿಯಾಗಿ ಹೋದ್ನಲ್ಲ ಅನ್ನೋ ಚಿಂತೆ ಅಲ್ಲ. ಮನೆ ಒಳಗೆ ಅವನು ಮೇಷ್ಟ್ರು, ನನಗೂ ಪಾಠ ಮಾಡ್ತಾನೆ. ಅವನು ಬಾಯಿ ಬಿಡ್ತಾ ಇದ್ದದ್ದು ಈ ದಾರೀಲಿ, ಈ ಮರದ ಕೆಳಗೆ. ಈಗ ಮಂಡಿ ಬಿಡಲ್ಲ. ನಿಮ್ಮತ್ತೆ ತೀರ್ಕೊಂಡ ವರ್ಷ ಒಂದಿನ ಮಾತಾಡ್ತಾ ನಾವು ಮೂರು ಬಸ್ಸು ಬಿಟ್ವಿ.”

“ಏನು ಹೇಳಿದ್ರು?”

“ಅದನ್ನ ಅವನೇ ಹೇಳ್ಬೇಕಮ್ಮ.”

ಬಸ್ಸು ಬಂತು. ಕಂಡಕ್ಟರ್ ಕೈಹಿಡಿದು ಹತ್ತಿಸಿಕೊಂಡ.

ಅತ್ತೆ ಹೋಗಿ ಆಗಲೇ ಒಂಬತ್ತು ವರ್ಷ. ನಮ್ಮ ಯಾರ ಮುಂದೆಯೂ ಮಾವನವರು ಅವರ ಬಗ್ಗೆ ಒಂದು ಮಾತು ಆಡಿದ್ದಿಲ್ಲ. ನಾವು ದುಃಖವನ್ನು ಹೇಗೆ ಸಹಿಸಬೇಕೆಂದು ಮಾತ್ರ ಹೇಳಿಕೊಟ್ಟಿದ್ದರು.

ಹಿಂತಿರುಗಿದಾಗ ಅವರು ಕೋಲು ಹಿಡಿದು ಗೇಟಿನಲ್ಲೇ ನಿಂತಿದ್ದರು.

“ಬಸ್ಸು ಸಿಕ್ತಾ?”

“ಸಿಕ್ತು.”

“ಸೀಟು?”

“ಸಿಕ್ತು ಮಾವ.”

ನನಗೆ ಗೇಟು ತೆಗೆದುಕೊಟ್ಟರು. ಆಮೇಲೆ, “ಏನಂದ?” ಎಂದರು. ಆ ದನಿಯಲ್ಲಿ ಮೇಷ್ಟ್ರಿರಲಿಲ್ಲ. ಅಥವಾ ಈಗ ನನಗೆ ಹಾಗನ್ನಿಸುತ್ತಿದೆಯೋ ಏನೋ. ಡೈರಿಯಲ್ಲಿ ದನಿಯ ವಿಷಯ ಬರೆದಿಲ್ಲ.

“ಮೂರು ಬಸ್ಸು ಬಿಟ್ಟಿದ್ದು ಹೇಳಿದ್ರು” ಎಂದೆ.

ಅವರ ಕೋಲು ನೆಲದ ಮೇಲೆ ಸ್ವಲ್ಪ ಸರಿಯಿತು. ಅಷ್ಟರಲ್ಲಿ ಮಗಳು ಪುಸ್ತಕ ಅವುಚಿಕೊಂಡು ರಸ್ತೆಯ ತಿರುವಿನಲ್ಲಿ ಕಾಣಿಸಿದಳು.

“ಅವಳಿಗೆ ಹೇಳು, ಮೂರು ಸಲ ಹೋಗು ಅಂದ್ರೂ...”

“ನೀವೇ ಹೇಳಿ ಮಾವ. ಅವಳ ಜೊತೆ ನಾಲ್ಕು ಹೆಜ್ಜೆ ನಡೀರಿ. ಅತ್ತೆ ವಿಷಯ ಹೇಳಿ. ಅದಿಲ್ಲದೆ ಇದೇನು ಪಾಠ?”

ನನ್ನ ದನಿ ಏರಿತ್ತು. ಅಕ್ಕಪಕ್ಕದವರಿಗೂ ಕೇಳಿಸಿರಬೇಕು.

“ಮಕ್ಕಳ ಹತ್ರ ಆಡೋ ಮಾತಲ್ಲಮ್ಮ ಅದು” ಎಂದು ಅವರು ಬೆನ್ನು ತಿರುಗಿಸಿ, ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಒಳಗೆ ಹೋದರು. ಮಗಳು ಗೇಟಿನ ಬಳಿ ಬಂದು, “ಇವತ್ತೇನಂತೆ ತಾತಂಗೆ?” ಎಂದು ಕೇಳಿದಳು. ಅವಳಿಗೆ ಹೇಳಲು ನನ್ನ ಬಳಿ ಇದ್ದದ್ದು ಮೂರು ಸಲ ‘ಹೋಗು’, ಮೂರು ಸಲ ‘ಪರವಾಗಿಲ್ಲ’ ಎಂಬ ಆ ಲೆಕ್ಕವೊಂದೇ. ಅದನ್ನೇ ಹೇಳಿದೆ.