ಸಿಪಾಯಿಯ ಉಗುರಿಗೆ ಮದರಂಗಿ

ಕುವೈತಿನಲ್ಲಿ ಯುದ್ಧ ಮುಗಿದ ಮೇಲೆ ನಾನು ಅಮೆರಿಕದ ಸಿಪಾಯಿಯೊಬ್ಬನಿಗೆ ಬುದ್ಧಿ ಹೇಳಿದೆ ಎಂದು ಮಗ ಹೇಳಿಕೊಂಡು ತಿರುಗುತ್ತಾನೆ. ಬುದ್ಧಿ ಹೇಳಿದ್ದಲ್ಲ, ಬೈದದ್ದು.

ಮೈದಾನ್ ಹವಲ್ಲಿಯ ನಮ್ಮ ಕಟ್ಟಡದ ಕೆಳಗೆ ಕಾವಲಿಗಿದ್ದ ಆ ಹುಡುಗನಿಗೆ ದಿನಾ ಚಾ ಕೊಡುತ್ತಿದ್ದೆ. ಇಲ್ಲಿಗೆ ಕಳಿಸಿದ ಅಧ್ಯಕ್ಷನಿಗೆ ವೋಟು ಹಾಕಿದ್ದನಾ ಎಂದು ಒಂದು ದಿನ ಮೊಮ್ಮಗಳ ಕೈಯಲ್ಲಿ ಇಂಗ್ಲಿಷಿನಲ್ಲಿ ಕೇಳಿಸಿದೆ.

“ಯಾರಿಗೂ ಹಾಕ್ಲಿಲ್ಲಂತೆ ಅಜ್ಜಿ. ಒಂದು ವೋಟಿಂದ ಏನಾಗ್ತದೆ ಅಂತ ಮನೇಲೇ ಇದ್ನಂತೆ.”

“ನಿನ್ನನ್ನು ಸಾಯ್ಲಿಕ್ಕೆ ಕಳಿಸುವವ ಯಾರೂಂತ ನೋಡ್ಲಿಕ್ಕೂ ಪುರುಸೊತ್ತಿರ್ಲಿಲ್ವಾ ಮಾರಾಯ? ಮೂರನೇ ಕ್ಲಾಸು ಮಾತ್ರ ಕಲಿತ ನಾನೇ ಊರಲ್ಲಿದ್ದಾಗ ಒಂದು ವೋಟು ತಪ್ಪಿಸ್ಲಿಲ್ಲ.”

ಮೊಮ್ಮಗಳು ಹೇಳಿದ್ದಕ್ಕೆ ಅವನು ಮೊದಲು ನಕ್ಕ, ಆಮೇಲೆ ಲೋಟ ಕೆಳಗಿಟ್ಟು ಅವಳಿಗೆ ಏನೋ ಹೇಳಿದ. ಮುಂದಿನ ವರ್ಷ ಮತ್ತೆ ಚುನಾವಣೆಯಂತೆ, ಹಾಕುತ್ತಾನಂತೆ. ನಂಬುವುದು ಹೇಗೆ? ಅವರಲ್ಲಿ ಉಗುರಿಗೆ ಶಾಯಿ ಹಚ್ಚುವ ಕ್ರಮವೂ ಇಲ್ಲವಂತೆ.

ಮರುದಿನ ಬೆಳಿಗ್ಗೆ ಮದರಂಗಿ ಕಲಸಿಕೊಂಡು ಇಳಿದು, ನೆನಪಿಗಿರಲಿ ಎಂದು ಅವನ ಎಡಗೈ ತೋರುಬೆರಳಿನ ಉಗುರಿಗೆ ದಪ್ಪಕ್ಕೆ ಮೆತ್ತಿದೆ. ಬಣ್ಣ ಹಿಡಿಯುವವರೆಗೆ ಅವನ ಚಾದ ಲೋಟ ನಾನೇ ಹಿಡಿದುಕೊಂಡು ನಿಂತೆ.